ಐದು ಸಲ ಹಾಡಿದ್ದು, ಒಂದೇ ಹಾಡಾದದ್ದು



ದೇವನಹಳ್ಳಿ ತಾಲ್ಲೂಕಿನ ಈ ಚನ್ನರಾಯಪಟ್ಟಣದ ಸುತ್ತಮುತ್ತ ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ‘ವನ್ಸ್ ಮೋರ್’ ಎಂಬ ಕೂಗು ಹೊಸದಲ್ಲ. ದುರ್ಯೋಧನನ ಪಾತ್ರಧಾರಿ ಪದ್ಯ ಮುಗಿಸುವಷ್ಟರಲ್ಲಿ ಜನ ಕೂಗುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಮತ್ತೆ ಶ್ರುತಿ ಹಿಡಿಯುತ್ತಾರೆ. ಎರಡನೆಯ ಸಲದ ಹಾಡು ಮೊದಲಿನಂತಿರುವುದಿಲ್ಲ. ಒಂದೆಡೆ ಇನ್ನಷ್ಟು ಕಳೆಗಟ್ಟುತ್ತದೆ, ಇನ್ನೊಂದೆಡೆ ದಮ್ಮು ಸಾಲದೆ ಸೋಲುತ್ತದೆ. ಎರಡರಲ್ಲೂ ಚೆನ್ನಾಗಿರುವುದನ್ನಷ್ಟೇ ಆಯ್ದು ಒಂದು ಮಾಡಿದರೆ? ಧ್ವನಿಮುದ್ರಣದ ಸ್ಟುಡಿಯೋಗಳಲ್ಲಿ ನಡೆಯುವ ಕೆಲಸ ಇದೇ.

ಮೊದಲು ಇದು ಸಾಧ್ಯವಿರಲಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಸೂಜಿ ನೇರವಾಗಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಮೂರು ನಿಮಿಷದೊಳಗೆ ಹಾಡು ಮುಗಿಯಬೇಕು. ನಡುವೆ ಕೆಮ್ಮಿದರೆ ಆ ತಟ್ಟೆ ವ್ಯರ್ಥ, ಮೊದಲಿನಿಂದ ಹಾಡಬೇಕು. ಈ ಗೌಹರ್ ಜಾನ್ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ತಟ್ಟೆಗಳಲ್ಲಿ ಇಂದು ಕೇಳುವುದು ಒಂದೇ ಉಸುರಿನ ಓಟದಲ್ಲಿ ನಿಜವಾಗಿ ನಡೆದ ಹಾಡು.

ಈ ಸ್ಥಿತಿಯನ್ನು ಬದಲಿಸಿದ್ದು 1930ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಕಾಂತೀಯ ಟೇಪು. ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಬಹುದಾಯಿತು. ಸ್ಟುಡಿಯೋದಲ್ಲಿ ಟೇಪು ಸೆಕೆಂಡಿಗೆ 15 ಅಂಗುಲ ಓಡಿದರೆ, ಸೆಕೆಂಡಿನ ಹತ್ತನೆಯ ಒಂದು ಭಾಗವೆಂದರೆ ಒಂದೂವರೆ ಅಂಗುಲ. ಬ್ಲೇಡು ಆಡಲು ಅಷ್ಟು ಜಾಗ ಧಾರಾಳ.

ಆದರೆ ಎಲ್ಲಿ ಕತ್ತರಿಸುವುದು? ಇಲ್ಲಿ ನಮ್ಮ ವರ್ಣಮಾಲೆ ನೆರವಿಗೆ ಬರುತ್ತದೆ. ಕ, ತ, ಪಗಳನ್ನು ಉಚ್ಚರಿಸುವಾಗ ಬಾಯೊಳಗೆ ಗಾಳಿ ಒಂದು ಕ್ಷಣ ತಡೆದು ನಿಲ್ಲುತ್ತದೆ, ಅಲ್ಲಿ ಸದ್ದಿಲ್ಲ. ‘ಅಕ್ಕ’, ‘ಅಪ್ಪ’ ಎಂದು ನಿಧಾನವಾಗಿ ಹೇಳಿ ನೋಡಿ. ಒತ್ತಕ್ಷರದಲ್ಲಿ ಆ ಮೌನ ಇನ್ನೂ ದೀರ್ಘ. ಹೊಲಿಗೆ ಹಾಕಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ‘ಮನೆಯ’ ಎನ್ನುವಾಗ ದನಿ ಎಲ್ಲೂ ಕಡಿಯುವುದಿಲ್ಲ, ಅಲ್ಲಿ ಕತ್ತರಿ ಆಡಿಸಿದರೆ ಕಿವಿಗೆ ಗೊತ್ತಾಗಿಬಿಡುತ್ತದೆ. ಗಮಕದ ನಡುವೆಯಂತೂ ಕೈ ಹಾಕುವಂತೆಯೇ ಇಲ್ಲ.

ಇಂದು ಬ್ಲೇಡಿಲ್ಲ, ಕಂಪ್ಯೂಟರಿದೆ. ಐದು ಟೇಕುಗಳನ್ನು ಒಂದರ ಕೆಳಗೊಂದು ಹರಡಿಕೊಂಡು, ಪಲ್ಲವಿಯನ್ನು ಎರಡನೆಯದರಿಂದ, ಚರಣದ ಒಂದು ಪದವನ್ನು ನಾಲ್ಕನೆಯದರಿಂದ ಎತ್ತಿಕೊಳ್ಳುತ್ತಾರೆ. ಕೂಡುವ ಕಡೆ ಒಂದು ದನಿ ಇಳಿಯುತ್ತಿದ್ದಂತೆ ಇನ್ನೊಂದು ಏರುತ್ತದೆ, ಕೆಲವೇ ಮಿಲಿಸೆಕೆಂಡುಗಳಲ್ಲಿ. ಆದರೆ ಎಲ್ಲ ಟೇಕುಗಳಲ್ಲೂ ಶ್ರುತಿ, ಲಯ, ಮೈಕಿಗೂ ಬಾಯಿಗೂ ಇರುವ ದೂರ ಒಂದೇ ಇರಬೇಕು. ಅತಿ ಉತ್ಸಾಹದ ತಂತ್ರಜ್ಞ ಉಸುರಿನ ಸದ್ದನ್ನೆಲ್ಲ ಅಳಿಸಿದರೆ, ಉಸುರೇ ಎಳೆಯದ ಮನುಷ್ಯ ಹಾಡಿದಂತಾಗುತ್ತದೆ!

ಇದು ಮೋಸವೇ? 1952ರಲ್ಲಿ ಲಂಡನ್ನಿನಲ್ಲಿ ವಾಗ್ನರನ ಆಪೆರಾ ಒಂದನ್ನು ಮುದ್ರಿಸುವಾಗ, ಹಿರಿಯ ಗಾಯಕಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಅವರಿಗೆ ಕಷ್ಟವಾದ ಎರಡು ತಾರ ಸ್ವರಗಳನ್ನು ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿಕೊಟ್ಟರು. ಸುದ್ದಿ ಹೊರಬಿದ್ದಾಗ ಗಲಾಟೆಯೇ ಆಯಿತು. ಅಲ್ಲಿ ಬೆರೆತದ್ದು ಇಬ್ಬರ ಕಂಠ. ತನ್ನದೇ ಐದು ಹಾಡುಗಳನ್ನು ಬೆರೆಸುವುದು ಅಷ್ಟು ದೊಡ್ಡ ಅಪರಾಧವಲ್ಲ. ಕವಿ ತನ್ನ ಸಾಲನ್ನು ತಿದ್ದಿ ಬರೆಯುವುದಿಲ್ಲವೇ?

ತೊಂದರೆ ಇರುವುದು ಬೇರೆ ಕಡೆ. 1981ರ ಫೆಬ್ರವರಿ 8ರಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಉಪೇಂದ್ರ ಕುಮಾರ್ ಸಂಗೀತದಲ್ಲಿ ಬೆಂಗಳೂರಿನಲ್ಲಿ ಹನ್ನೆರಡು ಗಂಟೆಗಳಲ್ಲಿ 21 ಕನ್ನಡ ಹಾಡುಗಳನ್ನು ಹಾಡಿದ ಸಂಗತಿ ಪ್ರಸಿದ್ಧ. ಲೆಕ್ಕ ಹಾಕಿದರೆ ಹಾಡಿಗೆ 35 ನಿಮಿಷವೂ ಬೀಳದು, ಕಲಿಯುವುದೂ ಸೇರಿ. ಪದಪದವನ್ನು ಆಯ್ದು ಜೋಡಿಸಲು ಅಲ್ಲಿ ಪುರಸೊತ್ತೆಲ್ಲಿ? ಇಂದು ಹಾಗಲ್ಲ. ಜೋಡಿಸಿದ ಹಾಡನ್ನೇ ನೂರು ಸಲ ಕೇಳಿದ ಹುಡುಗಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಗೆಯೇ ಹಾಡಲು ಹೋಗಿ ಎರಡನೆಯ ಚರಣಕ್ಕೇ ಏದುಸಿರು ಬಿಡುತ್ತಾಳೆ. ತೀರ್ಪುಗಾರರು ಅಂಕ ಕಳೆಯುತ್ತಾರೆ. ಆ ಹಾಡನ್ನು ಮೂಲ ಗಾಯಕಿಯೂ ಒಂದೇ ಬಾರಿಗೆ ಹಾಗೆ ಹಾಡಿರಲಿಲ್ಲ ಎಂದು ಅವಳಿಗೆ ಹೇಳುವವರಿಲ್ಲ. ಕ್ಯಾಸೆಟ್ಟಿನ ಮೇಲಾಗಲಿ ಫೋನಿನ ಪರದೆಯ ಮೇಲಾಗಲಿ ಟೇಕುಗಳ ಲೆಕ್ಕ ಬರೆಯುವ ಪದ್ಧತಿ ಎಂದೂ ಇರಲಿಲ್ಲ.