ಬಾಣಂತಿಯ ಮನಸ್ಸಿಗೂ ಆರೈಕೆ ಬೇಕು
(ಮಹಿಳಾ ಮಂಡಲದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹುಬ್ಬಳ್ಳಿ-ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಬಾಣಂತನಕ್ಕೆ ಕೊರತೆ ಮಾಡುವವರು ಕಡಿಮೆ. ಬಡವರ ಮನೆಯಲ್ಲಿಯೂ ಮಗಳು ಹಡೆದಳೆಂದರೆ ಅಂಟಿನ ಉಂಡಿ ಕಟ್ಟುತ್ತಾರೆ, ಅಳ್ವಿಯ ಪಾಯಸ ಮಾಡುತ್ತಾರೆ, ಎಣ್ಣೆ ಹಚ್ಚಿ ಎರೆಯುತ್ತಾರೆ. ಸೊಂಟ ಗಟ್ಟಿಯಾಯಿತೇ, ಹಾಲು ಸಾಕಷ್ಟು ಬರುತ್ತದೆಯೇ ಎಂದು ಹತ್ತು ಜನ ಕೇಳುತ್ತಾರೆ. ಆದರೆ “ತಂಗೀ, ನಿನ್ನ ಮನಸ್ಸು ಹೇಗಿದೆ?” ಎಂದು ಕೇಳುವವರು ಎಷ್ಟು ಜನ? ಈ ಹೊತ್ತು ಅದೊಂದನ್ನೇ ಕುರಿತು ಹೇಳುತ್ತೇನೆ.

ಹಡೆದ ಮೂರು-ನಾಲ್ಕು ದಿನಕ್ಕೆ ಅನೇಕ ಬಾಣಂತಿಯರಿಗೆ ಕಾರಣವಿಲ್ಲದೆ ಅಳು ಬರುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಗರ್ಭದ ಕಾಲದಲ್ಲಿ ಮೈಯಲ್ಲಿ ಹೆಚ್ಚಾಗಿದ್ದ ಕೆಲವು ರಸಗಳು ಹೆರಿಗೆಯಾದೊಡನೆ ಒಮ್ಮೆಲೆ ಇಳಿಯುತ್ತವೆ, ನಿದ್ದೆಯೂ ಕೆಡುತ್ತದೆ. ಇದು ರೋಗವಲ್ಲ. ವಿಶ್ರಾಂತಿ ಮತ್ತು ಒಳ್ಳೆಯ ಮಾತು ಸಿಕ್ಕರೆ ಎರಡು ವಾರದೊಳಗೆ ತಾನೇ ಹೋಗುತ್ತದೆ.

ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ ಅದು ಬೇರೆ. ಊಟ ಸೇರುವುದಿಲ್ಲ, ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಹತ್ತುವುದಿಲ್ಲ, ಕೂಸಿನ ಮೇಲೆ ಮಾಯೆ ಬರುವುದಿಲ್ಲ, “ನಾನು ಕೆಟ್ಟ ತಾಯಿ, ಸತ್ತರೆ ಒಳ್ಳೆಯದು” ಎನಿಸುತ್ತದೆ. ಇದು ಬಾಣಂತಿಯ ಖಿನ್ನತೆ. ಸೋಗಲ್ಲ, ಸೊಕ್ಕಲ್ಲ, ಗಾಳಿ ಸೋಂಕೂ ಅಲ್ಲ. ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನೂರು ಬಾಣಂತಿಯರಲ್ಲಿ ಸುಮಾರು 22 ಜನರಿಗೆ ಇದು ಬರುತ್ತದೆ. ಅಂದರೆ ಪ್ರತಿ ಓಣಿಯಲ್ಲಿಯೂ ಇದನ್ನು ನುಂಗಿಕೊಂಡ ತಾಯಿಯೊಬ್ಬಳು ಇರಬಹುದು.

ಮೂರನೆಯದು ಅಪರೂಪ, ಆದರೆ ಅಪಾಯದ್ದು. ಸಾವಿರದಲ್ಲಿ ಒಬ್ಬಿಬ್ಬರಿಗೆ, ಬಹುಮಟ್ಟಿಗೆ ಮೊದಲ ಎರಡು ವಾರದೊಳಗೆ, ಬುದ್ಧಿ ಕದಡುತ್ತದೆ. ಇಲ್ಲದ ಧ್ವನಿ ಕೇಳಿಸುತ್ತದೆ, ಮನೆಯವರ ಮೇಲೆ ಸಂಶಯ ಬರುತ್ತದೆ, ಮಾತು ತಾಳ ತಪ್ಪುತ್ತದೆ. ಹಿರಿಯರು ಇದಕ್ಕೆ ಬಾಣಂತಿ ಸನ್ನಿ ಎನ್ನುತ್ತಾರೆ. ಜ್ವರದ ನಂಜೇರಿದಾಗಲೂ ಹೀಗಾಗಬಹುದು. ಯಾವುದೇ ಇರಲಿ, ತಾಯಿ-ಕೂಸುಗಳನ್ನು ಒಂಟಿಯಾಗಿ ಬಿಡಬೇಡಿರಿ. ತಾಯಿತ ಕಟ್ಟಿಸಲು ಅಲೆದು ಹೊತ್ತು ಕಳೆಯಬೇಡಿರಿ. 108ಕ್ಕೆ ಫೋನು ಮಾಡಿ ಅದೇ ದಿನ ದವಾಖಾನೆಗೆ ಒಯ್ಯಿರಿ.

ಖಿನ್ನತೆ ಏಕೆ ಬರುತ್ತದೆ? ನಮ್ಮ ನೆರೆಯ ಗೋವೆಯ ಮಾಪುಸಾದಲ್ಲಿ ವೈದ್ಯರು ಬಾಣಂತಿಯರನ್ನು ವಿಚಾರಿಸಿ 2002ರಲ್ಲಿ ತಿಳಿಸಿದ ಕಾರಣಗಳು ನಮ್ಮ ಮನೆಗಳಿಗೂ ಸಲ್ಲುತ್ತವೆ: ಬಡತನ, ಗಂಡನ ಹೊಡೆತ, ಗಂಡು ಬೇಕೆಂದಾಗ ಹುಟ್ಟಿದ ಹೆಣ್ಣು. ಕೂಸು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜದಿಂದ ನಿಶ್ಚಯವಾಗುತ್ತದೆ. ಅದಕ್ಕಾಗಿ ಸೊಸೆಯನ್ನು ಹಂಗಿಸುವುದು ಅನ್ಯಾಯ. ಹಸಿ ಮೈಯವಳಿಗೆ ಅದು ವಿಷವೂ ಹೌದು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷಗಳಿಂದಲೂ ಮನಸ್ಸು ಕುಗ್ಗುತ್ತದೆ. ವೈದ್ಯರು ಹೇಳಿದರೆ ರಕ್ತ ಪರೀಕ್ಷೆ ಮಾಡಿಸಿರಿ.

ಇನ್ನೊಂದು ಮಾತು. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನಗಳವರೆಗೆ ಹಲವು ಸಲ ಮನೆಗೆ ಬರುತ್ತಾರೆ. ಆಮೇಲೆ ಅಷ್ಟು ಅಡಿಗಡಿಗೆ ಬರುವುದಿಲ್ಲ. ನಮ್ಮ ಹೆಣ್ಣುಮಕ್ಕಳಾದರೋ ಮೂರನೆಯದೋ ಐದನೆಯದೋ ತಿಂಗಳಲ್ಲಿ ತವರನ್ನು ಬಿಟ್ಟು ಗಂಡನ ಮನೆಗೆ ಹೋಗುತ್ತಾರೆ. ಅವ್ವನ ಕೈ ತಪ್ಪುತ್ತದೆ, ಮನೆಗೆಲಸ ಬೆನ್ನೇರುತ್ತದೆ. ಖಿನ್ನತೆ ವರ್ಷದೊಳಗೆ ಎಂದಾದರೂ ಬರಬಹುದು. ಆದುದರಿಂದ ಹೆಚ್ಚು ಎಚ್ಚರ ಬೇಕಾದುದು ತೊಟ್ಟಿಲು ಗಂಡನ ಮನೆಗೆ ಬಂದ ಮೇಲೆ.

ಹಾಗಾದರೆ ಏನು ಮಾಡಬೇಕು? ಅತ್ತೆಯವರೇ, ರಾತ್ರಿ ಒಂದು ಹೊತ್ತು ಕೂಸನ್ನು ನೀವು ಎತ್ತಿಕೊಂಡು ಸೊಸೆಗೆ ಮೂರು-ನಾಲ್ಕು ತಾಸು ಸತತ ನಿದ್ದೆ ಕೊಡಿರಿ. ಗಂಡಂದಿರೇ, ಹೆಂಡತಿ ತವರಿನಲ್ಲಿದ್ದಾಗ ಬರೀ ಕೂಸನ್ನು ವಿಚಾರಿಸದೆ ಅವಳನ್ನೂ ವಿಚಾರಿಸಿರಿ. ನೆರೆಯ ಅಕ್ಕಂದಿರೇ, ಬುದ್ಧಿ ಹೇಳುವ ಮೊದಲು ಅವಳ ಮಾತು ಕೇಳಿರಿ. ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಿದರೆ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ. ಎದೆಯ ಭಾರ ಇಳಿಯುತ್ತದೆ. ಹೌದೆಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸಿರಿ.

ನಮ್ಮ ಕಡೆ ಚೇಷ್ಟೆಗೆ “ಇವನನ್ನು ಧಾರವಾಡಕ್ಕೆ ಕಳಿಸಬೇಕು” ಎನ್ನುವುದುಂಟು. ಆ ಚೇಷ್ಟೆಗೆ ಹೆದರಿ ಎಷ್ಟೋ ಮನೆಯವರು ದವಾಖಾನೆಯ ಮೆಟ್ಟಿಲು ಹತ್ತುವುದಿಲ್ಲ. ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಕೆಎಂಸಿಆರ್‌ಐ‌ನಲ್ಲಿಯೂ ಮನೋವೈದ್ಯರಿದ್ದಾರೆ. ಸಮಾಧಾನದ ಮಾತುಕತೆಯಿಂದಲೇ ಅನೇಕರು ಗುಣವಾಗುತ್ತಾರೆ. ಔಷಧ ಬೇಕಾದರೂ ಮೊಲೆಹಾಲು ಕುಡಿಸುತ್ತ ತೆಗೆದುಕೊಳ್ಳಬಹುದಾದವು ಇವೆ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿರಿ. ಕೂಸನ್ನು ಕಸಿದುಕೊಳ್ಳುತ್ತಾರೆಂಬ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಕೂಸನ್ನು ಒಟ್ಟಿಗೇ ಇರಿಸಿಕೊಳ್ಳುವ ವಿಭಾಗವೇ ಇದೆ.

ಊರು ಬಿಟ್ಟು ಹೋಗಲು ಆಗದವರು 14416ಕ್ಕೆ ಫೋನು ಮಾಡಿರಿ. ಇದು 2022ರಲ್ಲಿ ಆರಂಭವಾದ ಟೆಲಿ-ಮಾನಸ್. ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡಬಹುದು, ಹಣ ಬೀಳುವುದಿಲ್ಲ. ಈ ಅಂಕಿಯನ್ನು ಮನೆಯ ಗೋಡೆಯ ಮೇಲೆ, ತೊಟ್ಟಿಲಿನ ಹತ್ತಿರ ಬರೆದಿಡಿರಿ.

ನಾಳೆ ನಿಮ್ಮ ಓಣಿಯಲ್ಲಿ ಬಾಣಂತಿಯ ಮನೆಗೆ ಕೂಸನ್ನು ನೋಡಲು ಹೋಗುವಿರಿ. ಕೂಸನ್ನು ನೋಡಿದ ಮೇಲೆ ಅದರ ತಾಯಿಯ ಹತ್ತಿರ ಐದು ನಿಮಿಷ ಕುಳಿತುಕೊಳ್ಳಿರಿ. ಹೇಗಿದ್ದೀಯವ್ವಾ ಎಂದು ಕೇಳಿರಿ. ಉತ್ತರ ಬರುವವರೆಗೆ ಏಳಬೇಡಿರಿ.