ಶಿರಸಿಯ ಹೊಳೆ, ಕಡಲಿನ ಹಕ್ಕಿ

ದೀಪಾವಳಿ ಕಳೆದ ಮೇಲೆ ನೀವು ಶಿರಸಿಯಿಂದ ಘಟ್ಟ ಇಳಿದು ಕುಮಟಾ ಕಡೆ ಹೋದರೆ, ತದಡಿಯ ಅಳಿವೆಯಲ್ಲಿ ಸ್ವಲ್ಪ ನಿಲ್ಲಿ. ಗಾಳಿಗೆ ಮುಖಮಾಡಿ ಸಾಲಾಗಿ ಕುಳಿತ ಬಿಳಿ ಹಕ್ಕಿಗಳಲ್ಲಿ ಕಂದುತಲೆಯ ಕಡಲಕ್ಕಿಯನ್ನು ಹುಡುಕಿ. ಟಿಬೆಟ್, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ ಬಂದ ಅದರ ತಲೆಯ ಕಂದು ಚಳಿಗಾಲದಲ್ಲಿ ಮಾಸಿ, ಕಣ್ಣಿನ ಹಿಂದೆ ಮಚ್ಚೆಯಷ್ಟೇ ಉಳಿದಿರುತ್ತದೆ. ನೀರು ಇಳಿದಾಗ ಗೊರವಗಳು ಕೆಸರಿನಲ್ಲಿ ಹುಳು ಹೆಕ್ಕುತ್ತವೆ.

ಆ ಕೆಸರನ್ನು ತಂದವಳು ಅಘನಾಶಿನಿ. ಶಿರಸಿಯ ಬಳಿ ಹುಟ್ಟಿ, ಸಿದ್ದಾಪುರದ ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಯೊಂದೇ ಸಾಲದು. ಮೇಲೆ ನೀರು ತಡೆದರೆ ಕೆಳಗೆ ಕೆಸರು ಬಡವಾಗುತ್ತದೆ. ಹಕ್ಕಿಗೂ, ಬಳಚು ಆಯುವವರಿಗೂ ತುತ್ತು ತಪ್ಪುತ್ತದೆ. ಘಟ್ಟದ ಮೇಲಿನ ನಾವು ಇದನ್ನು ಮರೆಯದಿರೋಣ.