ಸಾಕ್ಷಿಯ ಜೊತೆಗೊಬ್ಬರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ಸಮನ್ಸು ಹಿಡಿದು ನ್ಯಾಯಾಲಯಕ್ಕೆ ಬರುವ ಸಾಕ್ಷಿಗಳನ್ನು ನಾನು ನೋಡಿದ್ದೇನೆ. ಅಂದಿನ ಕೂಲಿ ಹೋಗಿರುತ್ತದೆ. ಆರೋಪಿಯ ಕಡೆಯವರೂ ಅದೇ ಜಗಲಿಯಲ್ಲಿ ಕುಳಿತಿರುತ್ತಾರೆ. ಪಾವಗಡದ ಹೆಣ್ಣುಮಗಳಾದರೆ ಮನೆಮಾತು ತೆಲುಗಾಗಿರಬಹುದು. ವಕೀಲರು ಕೇಳುವುದು ಕನ್ನಡದಲ್ಲಿ. ಅವಳು ತಡವರಿಸಿದರೆ ನಿಜವೂ ಸುಳ್ಳಿನಂತೆ ಕೇಳಿಸೀತು.

ಸಾಕ್ಷಿ ಕುಸಿದರೆ ಏನಾಗುವುದೆಂಬುದನ್ನು ನಮ್ಮ ನಾಡು ಬಲ್ಲದು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ನ್ಯಾಯಾಲಯದಲ್ಲಿ ಪ್ರತಿಕೂಲರಾದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು.

2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಕಾನೂನಿನಂತೆ ಪಾಲಿಸಬೇಕೆಂದಿತು; ದುರ್ಬಲ ಸಾಕ್ಷಿಗಳಿಗೆ ಜಿಲ್ಲಾ ನ್ಯಾಯಾಲಯಗಳಲ್ಲಿ ಪ್ರತ್ಯೇಕ ವ್ಯವಸ್ಥೆಯಿರಬೇಕೆಂದಿತು. ಸರಿಯೇ. ಆದರೆ ಆ ಬಾಗಿಲವರೆಗೆ ಜೊತೆಗೆ ನಡೆಯುವವರು ಯಾರು?

ಕಟಕಟೆ ಯಾವುದು, ಪ್ರಯಾಣದ ಭತ್ಯೆ ಎಲ್ಲಿ ಕೇಳಬೇಕು, ಪ್ರಶ್ನೆ ತಿಳಿಯದಿದ್ದರೆ ಹೇಗೆ ಹೇಳಬೇಕು ಎಂದು ತಿಳಿಸುವವರು ಬೇಕು. ಹೇಳಬೇಕಾದ ಮಾತನ್ನು ಮಾತ್ರ ಅವರು ಕಲಿಸಕೂಡದು. ಆ ಮಾತು ಸಾಕ್ಷಿಯದೇ. ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಸ್ವಯಂಸೇವಕರು ಇದಕ್ಕೆ ಮೊದಲ ಮೆಟ್ಟಿಲಾಗಬಲ್ಲರು. ಆದರೆ ಇದು ಬಿಡುವಿನ ವೇಳೆಯ ದಯೆಯಾಗಿ ಉಳಿಯದೆ, ತರಬೇತಿಯೂ ಸಂಬಳವೂ ಇರುವ ವೃತ್ತಿಯಾಗಬೇಕು. ನಮ್ಮ ಊರಿನ ಓದಿದ ಮಕ್ಕಳಿಗೆ ಇದಕ್ಕಿಂತ ಗೌರವದ ಕೆಲಸ ಯಾವುದಿದೆ?